ಕ್ಯಾಮೆರಾಗೂ ಗಾಳಕ್ಕೂ ಒಗ್ಗುವ ಕಯಾಕ್

ಫ್ಲಾರಿಡಾದ ಎವರ್‌ಗ್ಲೇಡ್ಸ್. ಕಾಂಡ್ಲಾ ಕಾಡಿನ ಅಂಚಿನ ತೆಳು ನೀರಿನಲ್ಲಿ ಗುಲಾಬಿ ಬಣ್ಣದ ಚಮಚಕೊಕ್ಕಿನ ಹಕ್ಕಿ ಆಹಾರ ಹುಡುಕುತ್ತಿದೆ. ಮೋಟಾರಿಲ್ಲದ ಕಯಾಕ್ ಸದ್ದು ಮಾಡದೆ ಅದರತ್ತ ಸಾಗಬಲ್ಲದು. ಆದರೆ ಭಾರದ ಲೆನ್ಸ್ ಎತ್ತಿ ಪಕ್ಕಕ್ಕೆ ತಿರುಗಿದೊಡನೆ ದೋಣಿ ವಾಲಿದರೆ?

ಕಯಾಕಿನ ಸ್ಥಿರತೆ ಎರಡು ಬಗೆಯದು. ಶಾಂತ ನೀರಿನಲ್ಲಿ ತೊನೆಯದೆ ನಿಲ್ಲುವುದು ಒಂದು. ವಾಲಿದ ಮೇಲೂ ಮಗುಚದೆ ತಡೆದುಕೊಳ್ಳುವುದು ಇನ್ನೊಂದು. ಸಮುದ್ರದ ಅಲೆಗಳಿಗೆಂದೇ ಮಾಡಿದ, ಸುಮಾರು 22 ಇಂಚು ಅಗಲದ ನೀಳ ಕಯಾಕ್ ಎರಡನೆಯದರಲ್ಲಿ ಗಟ್ಟಿ. ಛಾಯಾಗ್ರಾಹಕರಿಗೂ ಗಾಳ ಹಾಕುವವರಿಗೂ ಬೇಕಾದದ್ದು ಮೊದಲನೆಯದು. ಅದಕ್ಕೇ ಮೀನು ಹಿಡಿಯುವ ಕಯಾಕ್‌ಗಳ ಅಗಲ ಹಲವು ಬಾರಿ 33ರಿಂದ 36 ಇಂಚು. ತಳ ಚಪ್ಪಟೆ, ಇಲ್ಲವೇ ಜೋಡಿ ದೋಣಿಯಂತೆ ಸೀಳಿದ್ದು. ಕೆಲವುಗಳಲ್ಲಿ ನಿಂತೇ ಗಾಳ ಎಸೆಯಬಹುದು.

ಅಗಲ ಹೆಚ್ಚಿದಷ್ಟೂ ವೇಗ ತಗ್ಗುತ್ತದೆ, ಹೊರುವ ತೂಕ ಏರುತ್ತದೆ.

ಹೆಚ್ಚಿನವರು ಗಮನಿಸದ ಅಂಶ ಆಸನ. ಎತ್ತರದ ಆಸನದಿಂದ ಮೀನು ಚೆನ್ನಾಗಿ ಕಾಣುತ್ತದೆ, ಆದರೆ ಮೈಭಾರ ಮೇಲೇರಿ ತೊನೆತ ಹೆಚ್ಚುತ್ತದೆ. ತಗ್ಗಿನಲ್ಲಿ ಕೂತರೆ ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಚಿತ್ರಕ್ಕೆ ಜೀವ ಬರುವುದೇ ಅಲ್ಲಿ. ಎರಡೂ ಹವ್ಯಾಸ ಇದ್ದವರಿಗೆ ಎತ್ತರ ಬದಲಿಸಬಹುದಾದ ಆಸನವೇ ಸರಿ.

1997ರಲ್ಲಿ ಹೋಬಿ ಕಂಪನಿ ತಂದ ಪೆಡಲ್ ವ್ಯವಸ್ಥೆ ಹುಟ್ಟು ಹಾಕುವ ಕೈಗಳಿಗೆ ಬಿಡುವು ಕೊಟ್ಟಿತು. ಜೊಂಡು ತುಂಬಿದ ತೆಳು ನೀರಿನಲ್ಲಿ ಮಾತ್ರ ಹುಟ್ಟೇ ವಾಸಿ.

ಕೊಳ್ಳುವ ಮುನ್ನ ಲೈಫ್ ಜಾಕೆಟ್ ತೊಟ್ಟು, ಕ್ಯಾಮೆರಾ ದಡದಲ್ಲಿಟ್ಟು, ಕಯಾಕನ್ನು ನೀರಿಗಿಳಿಸಿ ಪಕ್ಕಕ್ಕೆ ಬಾಗಿ ನೋಡಬೇಕು. ಬಿದ್ದರೆ ಮತ್ತೆ ಹತ್ತಲು ಆಗುತ್ತದೆಯೇ ಎಂಬುದನ್ನೂ ಅಲ್ಲೇ ಪರೀಕ್ಷಿಸಬೇಕು.