ಅಶ್ರುವಾಯು ಬಂದೂಕು

ಅಶ್ರುವಾಯು ಬಂದೂಕು ಎಂಬುದು ಕಣ್ಣೀರು ತರಿಸುವ ರಾಸಾಯನಿಕ ತುಂಬಿದ ಶೆಲ್ಲುಗಳನ್ನು ದೂರಕ್ಕೆ ಚಿಮ್ಮಿಸುವ ಸಾಧನ. ಗುಂಪು ಚದುರಿಸಲು ಪೊಲೀಸರು ಇದನ್ನು ಬಳಸುತ್ತಾರೆ. ಲಾಠಿ ಪ್ರಹಾರಕ್ಕೂ ಗೋಲಿಬಾರಿಗೂ ನಡುವಿನ ಕ್ರಮವೆಂದು ಪರಿಗಣಿಸಲಾಗುವ ಕಾರಣ ಇದನ್ನು 'ಕಡಿಮೆ ಮಾರಕ' ಆಯುಧಗಳ ವರ್ಗಕ್ಕೆ ಸೇರಿಸಲಾಗಿದೆ. ಆದರೆ ಭಾರತದ ಶಸ್ತ್ರಾಸ್ತ್ರ ಕಾಯ್ದೆಯ ದೃಷ್ಟಿಯಲ್ಲಿ ಇದು ನಿಷೇಧಿತ ಆಯುಧವಾಗಿದ್ದು, ಸಾಮಾನ್ಯ ಪರವಾನಗಿಯ ಮೇಲೆ ನಾಗರಿಕರಿಗೆ ದೊರೆಯುವುದಿಲ್ಲ.

ರಚನೆ ಮತ್ತು ಕಾರ್ಯವಿಧಾನ

ಈ ಬಂದೂಕುಗಳ ನಳಿಗೆ ಅಗಲವಾಗಿರುತ್ತದೆ. ಸಾಮಾನ್ಯ ಅಳತೆಗಳು 37–38 ಮಿ.ಮೀ. ಮತ್ತು 40 ಮಿ.ಮೀ. ಶೆಲ್ಲಿನ ಹಿಂಭಾಗದಲ್ಲಿರುವ ಸ್ವಲ್ಪ ಪ್ರಮಾಣದ ಮದ್ದು ಅದನ್ನು ಮುಂದಕ್ಕೆ ತಳ್ಳುತ್ತದೆ. ಒಳಗಿನ ಮಿಶ್ರಣ ಉರಿದು ಹೊಗೆಯನ್ನು ಹೊರಸೂಸುತ್ತದೆ. ಕೈಯಲ್ಲಿ ಹಿಡಿಯುವ ಬಂದೂಕುಗಳಲ್ಲದೆ, ಗಲಭೆ ನಿಯಂತ್ರಣದ 'ವಜ್ರ' ವಾಹನಗಳ ಮೇಲೆ ಅಳವಡಿಸುವ ಬಹುನಳಿಗೆಯ ಸಾಧನಗಳೂ ಇವೆ. ಭಾರತದಲ್ಲಿ ಇಂತಹ ಶೆಲ್ಲುಗಳನ್ನು ಮಧ್ಯಪ್ರದೇಶದ ಟೇಕನ್‌ಪುರದಲ್ಲಿರುವ ಗಡಿ ಭದ್ರತಾ ಪಡೆಯ ಘಟಕವೊಂದು ತಯಾರಿಸುತ್ತದೆ.

'ಅಶ್ರುವಾಯು' ಎಂಬ ಹೆಸರಿದ್ದರೂ ಇದು ನಿಜವಾದ ವಾಯುವಲ್ಲ. ಹೆಚ್ಚಾಗಿ ಬಳಕೆಯಾಗುವ ಸಿ.ಎಸ್. ಎಂಬ ರಾಸಾಯನಿಕವು ಕೋಣೆಯ ಉಷ್ಣತೆಯಲ್ಲಿ ಘನವಸ್ತು. ಅದರ ಸೂಕ್ಷ್ಮ ಕಣಗಳು ಹೊಗೆಯೊಂದಿಗೆ ತೇಲಿ ಕಣ್ಣು, ಮೂಗು, ಗಂಟಲು ಹಾಗೂ ತೇವವಿರುವ ಚರ್ಮವನ್ನು ಕೆರಳಿಸುತ್ತವೆ. ಇದನ್ನು 1928ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳಾದ ಬೆನ್ ಕಾರ್ಸನ್ ಮತ್ತು ರೋಜರ್ ಸ್ಟೌಟನ್ ಮೊದಲು ತಯಾರಿಸಿದರು. ಅವರ ಹೆಸರುಗಳ ಮೊದಲ ಅಕ್ಷರಗಳೇ ಈ ರಾಸಾಯನಿಕದ ಹೆಸರಾದವು.

ಬೆಂಗಳೂರಿನ ಹೊರವಲಯದಲ್ಲಿ ಬಳಕೆ

ಬೆಂಗಳೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಅಶ್ರುವಾಯು ಬಳಕೆಯಾದ ಪ್ರಮುಖ ಸಂದರ್ಭ 2016ರ ಏಪ್ರಿಲ್ 18 ಮತ್ತು 19ರಂದು ನಡೆದ ಸಿದ್ಧ ಉಡುಪು ಕಾರ್ಮಿಕರ ಪ್ರತಿಭಟನೆ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ಹಿಂಪಡೆಯಲಾಗದಂತೆ ಕೇಂದ್ರ ಸರ್ಕಾರವು ಅದೇ ವರ್ಷದ ಫೆಬ್ರುವರಿಯಲ್ಲಿ ನಿಯಮ ತಿದ್ದಿತ್ತು. ಇದನ್ನು ವಿರೋಧಿಸಿ ಸಾವಿರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಹೊಸೂರು ರಸ್ತೆಯನ್ನು ತಡೆದರು. ಎರಡನೆಯ ದಿನ ಪ್ರತಿಭಟನೆ ಜಾಲಹಳ್ಳಿ ಕ್ರಾಸ್ ಹಾಗೂ ತುಮಕೂರು ರಸ್ತೆಯ ಕಡೆಗೂ ಹಬ್ಬಿತು. ಎಲೆಕ್ಟ್ರಾನಿಕ್ ಸಿಟಿ ಸಮೀಪದ ಹೆಬ್ಬಗೋಡಿಯಲ್ಲಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರು ಲಾಠಿ ಪ್ರಹಾರ ನಡೆಸಿ ಅಶ್ರುವಾಯು ಸಿಡಿಸಿದರು. 19ರಂದೇ ಕೇಂದ್ರ ಸರ್ಕಾರ ತಿದ್ದುಪಡಿಯನ್ನು ಹಿಂತೆಗೆದುಕೊಂಡಿತು.

ಅದೇ ವರ್ಷದ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ವಿವಾದದ ಗಲಭೆಯ ವೇಳೆ ಪೀಣ್ಯ ಸಮೀಪದ ಹೆಗ್ಗನಹಳ್ಳಿಯಲ್ಲಿ ಪೊಲೀಸರು ಗುಂಡು ಹಾರಿಸಿದಾಗ ಒಬ್ಬರು ಮೃತಪಟ್ಟರು. ಗೋಲಿಬಾರಿಗೆ ಮುನ್ನ ಬಳಸಬಹುದಾದ ಸಾಧನಗಳು ಸಾಕಷ್ಟಿರಬೇಕು ಎಂಬ ವಾದಕ್ಕೆ ಇಂತಹ ಸಾವುಗಳೇ ಆಧಾರ.

ಕಾನೂನಿನ ಸ್ಥಾನಮಾನ

ಶಸ್ತ್ರಾಸ್ತ್ರ ಕಾಯ್ದೆ, 1959ರ 2ನೇ ಕಲಮು ಹಾನಿಕಾರಕ ದ್ರವ ಅಥವಾ ಅನಿಲವನ್ನು ಹೊರಸೂಸಲು ರೂಪಿಸಿದ ಅಥವಾ ಮಾರ್ಪಡಿಸಿದ ಆಯುಧಗಳನ್ನು 'ನಿಷೇಧಿತ ಆಯುಧ'ಗಳೆಂದೂ, ಅಂತಹ ವಸ್ತುವನ್ನು ಒಳಗೊಂಡ ಶೆಲ್ಲುಗಳನ್ನು 'ನಿಷೇಧಿತ ಮದ್ದುಗುಂಡು'ಗಳೆಂದೂ ಕರೆಯುತ್ತದೆ. 7ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅಧಿಕಾರಪತ್ರವಿಲ್ಲದೆ ಇವುಗಳನ್ನು ಹೊಂದುವಂತಿಲ್ಲ, ತಯಾರಿಸುವಂತಿಲ್ಲ, ಮಾರುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ನಿಷೇಧಿತ ಆಯುಧವನ್ನು ಅಕ್ರಮವಾಗಿ ಹೊಂದಿದ್ದರೆ 7ರಿಂದ 14 ವರ್ಷಗಳ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಕರ್ತವ್ಯದಲ್ಲಿರುವ ಸಾರ್ವಜನಿಕ ನೌಕರರಿಗೆ 45ನೇ ಕಲಮು ವಿನಾಯಿತಿ ನೀಡುತ್ತದೆ. ಪೊಲೀಸರು ಇವುಗಳನ್ನು ಹೊಂದುವುದು ಈ ವಿನಾಯಿತಿಯ ಅಡಿಯಲ್ಲಿ. ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಆವರಣಗಳನ್ನು ಕಾಯುವ ಖಾಸಗಿ ಭದ್ರತಾ ಸಿಬ್ಬಂದಿ ಸಾರ್ವಜನಿಕ ನೌಕರರಲ್ಲದ ಕಾರಣ ಅವರಿಗೆ ಈ ವಿನಾಯಿತಿ ಇಲ್ಲ.

ಗುಂಪು ಚದುರಿಸುವ ಅಧಿಕಾರವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 148ನೇ ಕಲಮು ನೀಡುತ್ತದೆ. ಕಾರ್ಯನಿರ್ವಾಹಕ ದಂಡಾಧಿಕಾರಿ ಅಥವಾ ಠಾಣಾಧಿಕಾರಿ, ಠಾಣಾಧಿಕಾರಿ ಇಲ್ಲದಿದ್ದಾಗ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನ ದರ್ಜೆಯವರಲ್ಲದ ಪೊಲೀಸ್ ಅಧಿಕಾರಿ, ಮೊದಲು ಚದುರುವಂತೆ ಆದೇಶಿಸಬಹುದು. ಗುಂಪು ಚದುರದಿದ್ದರೆ ಬಲ ಪ್ರಯೋಗಿಸಬಹುದು.

ಜೇಬಿನಲ್ಲಿ ಒಯ್ಯುವ ಮೆಣಸಿನ ಸ್ಪ್ರೇ ಭಾರತದಲ್ಲಿ ಆತ್ಮರಕ್ಷಣೆಗಾಗಿ ಮಾರಾಟವಾಗುತ್ತದೆ. ಆದರೆ ಬೆಂಗಳೂರಿನ ಪ್ರಕರಣವೊಂದರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2024ರಲ್ಲಿ ಅದನ್ನು ಅಪಾಯಕಾರಿ ಆಯುಧವೆಂದು ಪರಿಗಣಿಸಿತು. ಜೀವಕ್ಕೆ ತಕ್ಷಣದ ಬೆದರಿಕೆ ಇಲ್ಲದಿದ್ದಾಗ ಅದನ್ನು ಬಳಸಿದವರ ವಿರುದ್ಧದ ಪ್ರಕರಣವನ್ನು ರದ್ದುಪಡಿಸಲು ನಿರಾಕರಿಸಿತು.

1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ಅಂತರರಾಷ್ಟ್ರೀಯ ಒಪ್ಪಂದವು ಅಶ್ರುವಾಯುವನ್ನು ಯುದ್ಧದ ವಿಧಾನವಾಗಿ ಬಳಸುವುದನ್ನು ನಿಷೇಧಿಸಿದೆ. ದೇಶದೊಳಗಿನ ಗಲಭೆ ನಿಯಂತ್ರಣಕ್ಕೆ ಅವಕಾಶ ಉಳಿಸಿದೆ. ಭಾರತವೂ ಈ ಒಪ್ಪಂದದ ಭಾಗವಾಗಿದೆ.

ಸಂಕೇತ ಜ್ವಾಲೆಯ ಪಿಸ್ತೂಲು

ಹೊರನೋಟಕ್ಕೆ ಅಶ್ರುವಾಯು ಬಂದೂಕನ್ನು ಹೋಲುವ ಇನ್ನೊಂದು ಸಾಧನ ಸಂಕೇತ ಜ್ವಾಲೆಯ ಪಿಸ್ತೂಲು. ಅಪಾಯದಲ್ಲಿರುವ ಹಡಗುಗಳು ಬಣ್ಣದ ಬೆಂಕಿಯನ್ನು ಆಕಾಶಕ್ಕೆ ಹಾರಿಸಿ ನೆರವು ಕೋರಲು ಇದು ಬಳಕೆಯಾಗುತ್ತದೆ. ಸಮುದ್ರಯಾನದ ಹಡಗುಗಳು ಮತ್ತು ವಿಮಾನಗಳ ಸಾಮಾನ್ಯ ಸಲಕರಣೆಯ ಭಾಗವಾಗಿರುವ ಆಯುಧಗಳನ್ನು ಶಸ್ತ್ರಾಸ್ತ್ರ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಇಂತಹ ಪಿಸ್ತೂಲನ್ನು ದಾಳಿಯ ಆಯುಧವಾಗಿ ಮಾರ್ಪಡಿಸಿದರೆ ಅದು ಕಾಯ್ದೆಯ ವ್ಯಾಖ್ಯಾನದೊಳಗೆ ಬರುತ್ತದೆ. 2013ರ ಫೆಬ್ರುವರಿಯಲ್ಲಿ ಬೊಲಿವಿಯಾದ ಒರುರೊ ನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹಾರಿಸಿದ ಜ್ವಾಲೆ ತಗುಲಿ 14 ವರ್ಷದ ಬಾಲಕನೊಬ್ಬ ಮೃತಪಟ್ಟನು.

ಅಪಾಯಗಳು ಮತ್ತು ಪ್ರಥಮ ಚಿಕಿತ್ಸೆ

ತೆರೆದ ಬಯಲಿನಲ್ಲಿ ಅಶ್ರುವಾಯುವಿನ ಉರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಪಾಯ ಹೆಚ್ಚುವುದು ಎರಡು ಸಂದರ್ಭಗಳಲ್ಲಿ. ಶೆಲ್ಲು ನೇರವಾಗಿ ತಲೆಗೆ ಅಥವಾ ಕಣ್ಣಿಗೆ ಬಡಿದರೆ ಪ್ರಾಣಹಾನಿಯಾಗಬಹುದು. 2019ರಲ್ಲಿ ಇರಾಕಿನ ಬಾಗ್ದಾದ್‌ನಲ್ಲಿ ಹಲವು ಪ್ರತಿಭಟನಾಕಾರರು ಹೀಗೆ ಮೃತಪಟ್ಟರು. ಮುಚ್ಚಿದ ಜಾಗದಲ್ಲಿ ಸಿಡಿಸಿದರೆ ಉಸಿರುಗಟ್ಟುತ್ತದೆ. 2013ರ ಆಗಸ್ಟ್‌ನಲ್ಲಿ ಈಜಿಪ್ಟಿನಲ್ಲಿ ಕಿಕ್ಕಿರಿದ ಪೊಲೀಸ್ ವಾಹನದೊಳಗೆ ಅಶ್ರುವಾಯು ಬಿಟ್ಟಾಗ 37 ಬಂಧಿತರು ಸತ್ತರು. ಉಬ್ಬಸ ಇರುವವರು, ಮಕ್ಕಳು ಮತ್ತು ವೃದ್ಧರಿಗೆ ತೊಂದರೆ ಹೆಚ್ಚು.

ಹೊಗೆಗೆ ಸಿಕ್ಕಿದವರು ಗಾಳಿ ಬರುವ ದಿಕ್ಕಿನ ಕಡೆಗೆ ಸರಿದು ಶುದ್ಧ ಗಾಳಿ ಪಡೆಯಬೇಕು. ಕಣ್ಣುಜ್ಜದೆ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಬೇಕು. ಬಟ್ಟೆ ಬದಲಿಸಿ ಮೈಯನ್ನು ಸೋಪಿನಿಂದ ತೊಳೆದುಕೊಳ್ಳಬೇಕು. ಉಸಿರಾಟದ ತೊಂದರೆ ಅಥವಾ ಕಣ್ಣಿನ ನೋವು ಮುಂದುವರಿದರೆ ವೈದ್ಯರನ್ನು ಕಾಣಬೇಕು.