ಇನಿಷಿಯಲ್‌ನಲ್ಲಿ ಅಡಗಿದ್ದ ಊರು

ವಿದೇಶಕ್ಕೆ ಓದಲು ಹೊರಡುವ ತಯಾರಿ ಎಂದರೆ ಇಂಗ್ಲಿಷ್ ಪರೀಕ್ಷೆ, ಒಳ್ಳೆಯ ಸಿಜಿಪಿಎ, ಚಕ್ರ ಇರುವ ದೊಡ್ಡ ಸೂಟ್‌ಕೇಸ್ ಎಂದು ನಮ್ಮ ಕಾಲೇಜಿನಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಾರೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಎದುರಾಗುತ್ತದೆ. ನಿಮ್ಮ ಹೆಸರೇನು?

ನಾನು ಬಿಇ ಆರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಊರು ಅರಸೀಕೆರೆ ಹತ್ತಿರದ ಮಾಲೇಕಲ್ಲು. ಬೆಟ್ಟದ ಮೇಲಿನ ವೆಂಕಟರಮಣನಿಂದಾಗಿ ‘ಮಾಲೇಕಲ್ಲು ತಿರುಪತಿ’ ಎಂದರೆ ಸುತ್ತಮುತ್ತಲಿನವರಿಗೆ ಬೇಗ ಗೊತ್ತಾಗುತ್ತದೆ. ಬಿಇ ಮುಗಿಸಿ ಜರ್ಮನಿಯಲ್ಲಿ ಎಂ.ಎಸ್. ಮಾಡಬೇಕೆಂಬುದು ನನ್ನ ಆಸೆ. ಪಾಸ್‌ಪೋರ್ಟ್ ಅರ್ಜಿ ತುಂಬಲು ಕುಳಿತಾಗ ಮೊದಲ ಖಾನೆಯಲ್ಲೇ ಕೈ ನಿಂತಿತು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ‘ಎಂ’ ಅಂದರೆ ಮಾಲೇಕಲ್ಲು, ‘ಎಸ್’ ಅಂದರೆ ಅಪ್ಪ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಜೊತೆಗೆ ಸರ್‌ನೇಮ್ ಎಂಬ ಪ್ರತ್ಯೇಕ ಖಾನೆ. ನಮ್ಮ ಕಡೆ ಎಷ್ಟು ಜನರಿಗೆ ಸರ್‌ನೇಮ್ ಇದೆ ಹೇಳಿ?

ಆ ಖಾನೆಯನ್ನು ಖಾಲಿ ಬಿಟ್ಟರೂ ನಮ್ಮ ಸರ್ಕಾರ ಪಾಸ್‌ಪೋರ್ಟ್ ಕೊಡುತ್ತದೆ. ಆದರೆ ಬೇರೆ ದೇಶಗಳ ಕಂಪ್ಯೂಟರ್‌ಗಳಿಗೆ ಖಾಲಿ ಖಾನೆ ಹಿಡಿಸುವುದಿಲ್ಲ. ಅಮೆರಿಕದ ವೀಸಾದಲ್ಲಿ ಇಂಥವರ ಇದ್ದ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಬರೆಯುತ್ತಾರೆ. ಯುಎಇಯಂತೂ 2022ರ ನವೆಂಬರ್‌ನಲ್ಲಿ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲ ಎಂದುಬಿಟ್ಟಿತು.

ಮನೆಯಲ್ಲಿ ಇದು ಎರಡು ರಾತ್ರಿಯ ಚರ್ಚೆಯಾಯಿತು. ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿದರೆ ಜರ್ಮನಿಯಲ್ಲಿ ಎಲ್ಲರೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿ ಪರಿಚಯವಿಲ್ಲದವರನ್ನು ಸರ್‌ನೇಮ್ ಹಿಡಿದೇ ಮಾತಾಡಿಸುವುದು. ಅಪ್ಪನಿಗೆ ನಾಚಿಕೆಯೋ ನಾಚಿಕೆ. ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು: ‘ಊರ ಹೆಸರು ಹಾಕವ್ವ. ಯಾರಾದ್ರೂ ಯಾವೂರು ಅಂತ ಕೇಳೋದೇ ಬ್ಯಾಡ.’ ಹಾಗೆ ನನ್ನ ಹೆಸರು, ಅಪ್ಪನ ಹೆಸರು ಒಂದು ಖಾನೆಗೆ, ಮಾಲೇಕಲ್ಲು ಇನ್ನೊಂದು ಖಾನೆಗೆ ಹೋದವು.

ಅಷ್ಟಕ್ಕೇ ಮುಗಿಯಲಿಲ್ಲ. ಮಾಲೇಕಲ್ಲನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು? ಒಂದು ಕಾಗದದಲ್ಲಿ ಒಂದು ‘ಎಲ್’, ಇನ್ನೊಂದರಲ್ಲಿ ಎರಡು. ಕೊನೆಯ ‘ಯು’ ಕೆಲವೆಡೆ ಇದೆ, ಕೆಲವೆಡೆ ಇಲ್ಲ. ಮನೆಯ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರಡಿದಾಗ ನಮ್ಮ ಒಂದೇ ಊರು ನಾಲ್ಕು ಊರಾಗಿತ್ತು. ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟ್‌ನ ಹೆಸರೂ ಒಬ್ಬರದೇ ಎಂದು ನೋಟರಿಯವರ ಮುಂದೆ ಅಫಿಡವಿಟ್ ಮಾಡಿಸಿಟ್ಟುಕೊಂಡಿದ್ದೇನೆ. ಎರಡನೇ ಪಿಯುಸಿಯಲ್ಲಿರುವ ತಮ್ಮ ತಂಗಿಯರಿಗೆ ನನ್ನ ಸಲಹೆ ಇಷ್ಟೇ. ವಿದೇಶಕ್ಕೆ ಹೋಗುತ್ತೀರೋ ಬಿಡುತ್ತೀರೋ, ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಅಕ್ಕಪಕ್ಕ ಇಟ್ಟು ಈಗಲೇ ನೋಡಿಕೊಳ್ಳಿ.

ಜರ್ಮನಿಯೇ ಏಕೆ ಎಂದು ಕೇಳುವವರಿಗೆ ಉತ್ತರ ಸರಳ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಪ್ರತಿ ಸೆಮಿಸ್ಟರ್‌ಗೆ ಸಣ್ಣ ವಂತಿಗೆ ಕಟ್ಟಿದರಾಯಿತು. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತಿದೆ. ಆದರೆ ‘ಫ್ರೀ’ ಎಂಬ ಪದಕ್ಕೆ ಮರುಳಾಗಬೇಡಿ. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳು ಎಪಿಎಸ್ ಎಂಬ ದಾಖಲೆ ಪರಿಶೀಲನೆಯ ಪ್ರಮಾಣಪತ್ರ ಪಡೆಯಬೇಕು. ಇದಕ್ಕೆ 18,000 ರೂಪಾಯಿ. ಯೂನಿ-ಅಸಿಸ್ಟ್ ಮೂಲಕ ಅರ್ಜಿ ಹಾಕಿದರೆ ಮೊದಲ ಕೋರ್ಸ್‌ಗೆ 75 ಯೂರೊ, ನಂತರದ ಪ್ರತಿಯೊಂದಕ್ಕೆ 30.

ಅಂಕಗಳ ಲೆಕ್ಕವೂ ತಲೆಕೆಳಗು. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ಎಂಟರ ಆಸುಪಾಸಿನ ನನ್ನ ಸಿಜಿಪಿಎ ಅವರ ಸೂತ್ರದಲ್ಲಿ ಸುಮಾರು ಎರಡಾಗುತ್ತದೆ. ಅಜ್ಜಿಗೆ ಹೇಳಿದರೆ, ‘ಎಂಟಿದ್ದೋಳು ಎರಡಕ್ಕೆ ಇಳಿಯಕ್ಕೆ ಅಷ್ಟು ದೂರ ಯಾಕ್ ಹೋಗ್ಬೇಕು?’ ಎಂದರು.

ಭಾಷೆಯ ಮಾತು ಇನ್ನೊಂದು. ಇಂಗ್ಲಿಷಿನಲ್ಲೇ ನಡೆಯುವ ಎಂ.ಎಸ್. ಕೋರ್ಸ್‌ಗಳಿದ್ದರೂ ಅಂಗಡಿ, ಬಾಡಿಗೆ ಮನೆ, ಪಾರ್ಟ್‌ಟೈಂ ಕೆಲಸಕ್ಕೆ ಜರ್ಮನ್ ಬೇಕು. ಎ1 ಹಂತಕ್ಕೆ ಆನ್‌ಲೈನ್ ತರಗತಿ ಸೇರಿದ್ದೇನೆ, ಪಾಠ ಓದುವುದು ಬಹುಪಾಲು ಅರಸೀಕೆರೆ-ಹಾಸನ ಓಡಾಟದಲ್ಲಿ. ಕನ್ನಡದಲ್ಲಿ ಲಿಂಗ ಎಷ್ಟು ಸಲೀಸು! ಗಂಡಸಾದರೆ ಪುಲ್ಲಿಂಗ, ಹೆಂಗಸಾದರೆ ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಹುಡುಗಿ ಎಂಬ ಪದವೂ ನಪುಂಸಕವೇ! ಸಿಟ್ಟು ಬಂದಾಗ ಕಿಟ್ಟೆಲ್ ನೆನಪಾಗುತ್ತಾರೆ. 1853ರಲ್ಲಿ ಈ ಕಡೆಗೆ ಬಂದ ಜರ್ಮನ್ ಪಾದ್ರಿ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನಲವತ್ತು ವರ್ಷ ಅವರು ನಮ್ಮ ಭಾಷೆಗೆ ಕೊಟ್ಟರು. ನಾನು ಕೊಡಬೇಕಿರುವುದು ಸದ್ಯಕ್ಕೆ ನಾಲ್ಕು ತಿಂಗಳು.

ಇನ್ನು ಅಸಲಿ ವಿಷಯ, ದುಡ್ಡು. ವೀಸಾ ಕೊಡುವ ಮೊದಲು, ಒಂದು ವರ್ಷದ ಊಟ-ವಸತಿಗೆ ಹಣವಿದೆ ಎಂದು ತೋರಿಸಲು ‘ಬ್ಲಾಕ್ಡ್ ಅಕೌಂಟ್’ನಲ್ಲಿ 11,904 ಯೂರೊ ಇಡಬೇಕು. ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೊ ನಮ್ಮ ಕೈಗೆ ಬರುತ್ತದೆ. ಯೂರೊಗೆ ನೂರು ರೂಪಾಯಿ ಎಂದು ಹಿಡಿದರೂ ಸುಮಾರು 12 ಲಕ್ಷ. ಅಪ್ಪ ಇದನ್ನು ತಮ್ಮ ಲೆಕ್ಕಕ್ಕೆ ತಿರುಗಿಸಿಕೊಂಡರು. 2025ರ ಹಂಗಾಮಿಗೆ ಕೇಂದ್ರ ಘೋಷಿಸಿದ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಅಂದರೆ ಸುಮಾರು ನೂರು ಕ್ವಿಂಟಲ್ ಕೊಬ್ಬರಿ. ‘ನಮ್ಮ ತೋಟದಾಗೆ ಅದು ಒಂದು ವರ್ಷದ ಮಾತಲ್ಲ ಕಣವ್ವ’ ಎಂದು ಸುಮ್ಮನಾದರು.

ಹಾಗಾಗಿ ಶಿಕ್ಷಣ ಸಾಲ. ಸಾಮಾನ್ಯವಾಗಿ 7.5 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಿಗಬಹುದು, ಅದರ ಮೇಲಕ್ಕೆ ಆಸ್ತಿ ಕೇಳುತ್ತಾರೆ. ನಮ್ಮಲ್ಲಿರುವ ಆಸ್ತಿ ತೆಂಗಿನ ತೋಟ. ಶಿಕ್ಷಣ ಸಾಲಕ್ಕೆ ಕೃಷಿ ಭೂಮಿಯನ್ನು ಬಹುತೇಕ ಬ್ಯಾಂಕ್‌ಗಳು ಒಪ್ಪುವುದಿಲ್ಲ. ಮೂರು ತಲೆಮಾರು ಸಾಕಿದ ತೋಟ ಬ್ಯಾಂಕಿನ ಮೇಜಿನ ಮೇಲೆ ಲೆಕ್ಕಕ್ಕಿಲ್ಲ! ಉಳಿದದ್ದು ಮನೆ. ಅದಕ್ಕೆ ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ 9 ಮತ್ತು 11 ಬೇಕು. ಮನೆ ಇನ್ನೂ ತಾತನ ಹೆಸರಿನಲ್ಲೇ ಇದೆ. ಚಿಕ್ಕಪ್ಪ, ಅತ್ತೆ ಎಲ್ಲರೂ ಒಪ್ಪಿ ಸಹಿ ಹಾಕಬೇಕು. ನನ್ನ ಎಂ.ಎಸ್. ನಿಂತಿರುವುದು ಯಾವುದೋ ಪ್ರೊಫೆಸರ್ ಕೈಯಲ್ಲಲ್ಲ, ಅತ್ತೆಯ ಸಹಿಯಲ್ಲಿ.

ಸರ್ಕಾರದ ದಾರಿಗಳೂ ಇವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ, ಪರಿಶಿಷ್ಟ ಜಾತಿಯವರ ಜೊತೆಗೆ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಅರ್ಹರಾದವರು ಕನ್ಸಲ್ಟೆನ್ಸಿಗಳಿಗೆ ಹಣ ಸುರಿಯುವ ಮೊದಲು ಇವನ್ನು ನೋಡಿ. ನಾನು ವಿಚಾರಿಸಿದ ಒಂದು ಕನ್ಸಲ್ಟೆನ್ಸಿಯಲ್ಲಿ ಇವುಗಳ ಸುದ್ದಿಯನ್ನೇ ಎತ್ತಲಿಲ್ಲ.

ಸಾಲದ ಬಗ್ಗೆ ನನಗೆ ಹೆದರಿಕೆ ಇಲ್ಲ ಎಂದರೆ ಸುಳ್ಳು. ಓದುವಾಗ ಕಂತು ಕಟ್ಟಬೇಕಿಲ್ಲ, ಆದರೆ ಹಣ ಕೊಟ್ಟ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಶೇ 10 ಎಂದರೂ 12 ಲಕ್ಷಕ್ಕೆ ತಿಂಗಳಿಗೆ 10 ಸಾವಿರ. ಅಲ್ಲಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಕೆಲಸ ಮಾಡಬಹುದು, ಸಿಕ್ಕರೆ. ಅದಕ್ಕೇ ಅಪ್ಪನೊಂದಿಗೆ ಒಂದು ಮಾತಾಗಿದೆ. ಕ್ಯಾಂಪಸ್ ಆಯ್ಕೆಗೂ ಕೂರುತ್ತೇನೆ. ಕೆಲಸ ಸಿಕ್ಕಿ, ಸಾಲದ ದಾರಿ ಆಗದಿದ್ದರೆ ಎರಡು ವರ್ಷ ದುಡಿದು ಆಮೇಲೆ ಹೋಗುವುದು. ಮನೆ ಅಡವಿಟ್ಟೇ ಹೋಗಬೇಕೆಂಬ ಹಟ ನನಗಿಲ್ಲ.

ಆಷಾಢದ ತೇರಿಗೆ ಅತ್ತೆ ಊರಿಗೆ ಬರುತ್ತಾರೆ. ವಂಶವೃಕ್ಷದ ಅರ್ಜಿ, ಮನೆ ಕಂದಾಯದ ರಸೀದಿ, ತಾತನ ಮರಣ ಪ್ರಮಾಣಪತ್ರ ಎಲ್ಲವನ್ನೂ ಒಂದು ಫೈಲಿಗೆ ಹಾಕಿಟ್ಟಿದ್ದೇನೆ. ಸಹಿಯ ಮಾತನ್ನು ಊಟಕ್ಕೆ ಮುಂಚೆ ಎತ್ತಬೇಕೋ ಆಮೇಲೋ ಎಂದು ಅಪ್ಪ ಇನ್ನೂ ಯೋಚಿಸುತ್ತಿದ್ದಾರೆ.