ಚೆಂಡೆಸೆಯುವ ಹುಡುಗನ ಬೆನ್ನುಮೂಳೆ

ರಜೆಯ ದಿನ ಮುಂಜಾನೆ ಯಶವಂತಪುರದ ವೃತ್ತದಲ್ಲಿ ಸ್ವಲ್ಪ ಹೊತ್ತು ನಿಂತವರಿಗೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ತಮ್ಮ ಬೆನ್ನಿಗಿಂತ ಉದ್ದವಾದ ಚೀಲಗಳನ್ನು ಹೆಗಲಿಗೇರಿಸಿಕೊಂಡ ಹುಡುಗರು ತುಮಕೂರು ರಸ್ತೆಯ ಬಸ್ಸಿಗಾಗಿ ಕಾದಿರುತ್ತಾರೆ. ಮಾರುಕಟ್ಟೆಯ ಅಂಗಳಕ್ಕೆ ಈರುಳ್ಳಿ ಮೂಟೆಗಳನ್ನು ಹೊತ್ತು ತಂದ ಲಾರಿಗಳು ಒಂದು ಕಡೆ, ರೈಲಿನಿಂದಿಳಿದ ಪ್ರಯಾಣಿಕರು ಇನ್ನೊಂದು ಕಡೆ. ನಡುವೆ ಈ ಹುಡುಗರು. ಇವರು ಹೊರಟಿರುವುದು ಆಲೂರಿಗೆ. ತುಮಕೂರು ರಸ್ತೆಯಿಂದ ಒಳಕ್ಕೆ ಸರಿದ ಆ ಹಳ್ಳಿಯ ಬಳಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೂರು ಮೈದಾನಗಳಿವೆ.

ದೂರದರ್ಶನದಲ್ಲಿ ನಾವು ಕಾಣುವ ಕ್ರಿಕೆಟ್ಟಿಗೂ ಈ ಹುಡುಗರು ಆಡುವ ಕ್ರಿಕೆಟ್ಟಿಗೂ ಬಹಳ ಅಂತರವುಂಟು. ಸಂಸ್ಥೆಯ ಲೀಗ್ ಪಂದ್ಯಗಳು ಹಲವು ವಿಭಾಗಗಳಲ್ಲಿ ನಡೆಯುತ್ತವೆ. ಕೆಳಗಿನ ವಿಭಾಗದಲ್ಲಿ ಆಡುವ ತರುಣನಿಗೆ ಪ್ರೇಕ್ಷಕರೆಂದರೆ ಮರದ ನೆರಳಿನಲ್ಲಿ ಕುಳಿತ ತಂದೆ, ಅಂಕಗಳನ್ನು ಬರೆಯುವ ಒಬ್ಬಾತ, ತನ್ನ ಸರದಿಗೆ ಕಾದಿರುವ ಸಹ ಆಟಗಾರರು, ಅಷ್ಟೆ. ಮಧ್ಯಾಹ್ನದ ಊಟ ಮನೆಯಿಂದ ತಂದ ಚಿತ್ರಾನ್ನ. ಮಾರನೆಯ ದಿನ ಕಾಲೇಜಿನಲ್ಲಿ ಕಿರುಪರೀಕ್ಷೆ. ಹೀಗಿದ್ದರೂ ಮೇಲಿನ ವಿಭಾಗಕ್ಕೆ, ಅಲ್ಲಿಂದ ರಾಜ್ಯದ ವಯೋಮಿತಿ ತಂಡಗಳಿಗೆ, ಅಲ್ಲಿಂದ ರಣಜಿ ಪಂದ್ಯಕ್ಕೆ ಏರುವ ಮೆಟ್ಟಿಲುಗಳು ಇಲ್ಲಿಂದಲೇ ಆರಂಭವಾಗುತ್ತವೆ ಎಂಬ ನಂಬಿಕೆ ಅವನನ್ನು ನಸುಕಿನಲ್ಲಿಯೇ ಎಬ್ಬಿಸುತ್ತದೆ.

ಅಮೆರಿಕದ ಬೇಸ್‌ಬಾಲ್ ಆಟದಲ್ಲಿಯೂ ಇಂಥದೇ ಏಣಿಯೊಂದಿದೆ. ಅದನ್ನು ಮೈನರ್ ಲೀಗ್ ಎನ್ನುತ್ತಾರೆ. ಅಲ್ಲಿಯ ತರುಣರು ವೃತ್ತಿಪರರೆನಿಸಿಕೊಂಡರೂ ಅವರ ಸಂಬಳ ಬಹುಕಾಲ ತೀರ ಕಡಿಮೆಯಾಗಿತ್ತು. ಇಡೀ ವರ್ಷ ಆಡಿದರೂ ಕೆಳಗಿನ ಮೆಟ್ಟಿಲಿನವನಿಗೆ 11,000 ಡಾಲರುಗಳಷ್ಟೇ ದೊರೆಯುತ್ತಿತ್ತು. 2023ರಲ್ಲಿ ಆಟಗಾರರ ಸಂಘ ಮಾಡಿಕೊಂಡ ಮೊದಲ ಒಪ್ಪಂದದಿಂದ ಅದು 26,200 ಡಾಲರುಗಳಿಗೆ ಏರಿತು. ನಮ್ಮ ದೇಶದ ಇಬ್ಬರು ತರುಣರು ಆ ಏಣಿಯನ್ನು ಹತ್ತಿದ್ದರೆಂಬುದು ವಾಚಕರಲ್ಲಿ ಕೆಲವರಿಗೆ ಹೊಸ ಸಂಗತಿಯಾಗಬಹುದು. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಇಬ್ಬರೂ ಈಟಿ ಎಸೆಯುವವರು. ಬೇಸ್‌ಬಾಲ್ ಎಂದರೇನೆಂದೇ ತಿಳಿಯದಿದ್ದ ಅವರು 2008ರಲ್ಲಿ ನಡೆದ ಎಸೆತದ ಸ್ಪರ್ಧೆಯೊಂದರಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡರು. 2009ರಲ್ಲಿ ಫ್ಲಾರಿಡದ ಕಿರಿಯ ಲೀಗಿನಲ್ಲಿ ಆಡಿದರು. ಇಬ್ಬರೂ ಮೇಜರ್ ಲೀಗನ್ನು ತಲುಪಲಿಲ್ಲ. ಏಣಿಯನ್ನು ಹತ್ತಲಾರಂಭಿಸಿದವರಲ್ಲಿ ಬಹುಪಾಲಿನವರ ಕಥೆ ಅದೇ.

ಏರಲಾಗದುದಕ್ಕೆ ಕಾರಣಗಳು ಅನೇಕ. ಪ್ರತಿಭೆ ಸಾಲದಿರಬಹುದು, ಅದೃಷ್ಟ ಒದಗದಿರಬಹುದು. ಆದರೆ ವೇಗದ ಬೌಲರುಗಳ ವಿಷಯದಲ್ಲಿ ಇವೆರಡೂ ಇದ್ದು, ಶರೀರವೇ ಕೈಕೊಡುವ ಪ್ರಸಂಗಗಳು ಬಹಳ. ಅದು ಹೇಗೆಂಬುದನ್ನು ಈಗ ನೋಡೋಣ.

ಬಲಗೈ ಬೌಲರನು ಓಡಿಬಂದು ಕೊನೆಯ ಹೆಜ್ಜೆಯಲ್ಲಿ ಎಡಗಾಲನ್ನು ಊರುತ್ತಾನೆ. ಆ ಕ್ಷಣದಲ್ಲಿ ನೆಲವು ಅವನ ಕಾಲನ್ನು ಹಿಂದಕ್ಕೆ ತಳ್ಳುವ ಬಲವನ್ನು ಅಳತೆಯ ಹಲಗೆಗಳ ಮೇಲೆ ಪ್ರಯೋಗ ನಡೆಸಿ ಕಂಡುಕೊಂಡಿದ್ದಾರೆ. ಅದು ಶರೀರದ ತೂಕದ ಸುಮಾರು ಐದು ಪಟ್ಟು. ಕೆಲವರಲ್ಲಿ ಅದಕ್ಕೂ ಹೆಚ್ಚು. ಮೆಟ್ಟಿಲಿಳಿಯುವಾಗ ಮೊಣಕಾಲು ಮಡಿಸಿ ನಾವು ಪೆಟ್ಟನ್ನು ನುಂಗಿಕೊಳ್ಳುತ್ತೇವೆ. ಬೌಲರನಿಗೆ ಆ ಸೌಕರ್ಯವಿಲ್ಲ. ಚೆಂಡಿಗೆ ವೇಗ ಬರಬೇಕಾದರೆ ಮುಂಗಾಲು ಕಂಬದಂತೆ ನೆಟ್ಟಗೆ ನಿಲ್ಲಬೇಕು. ಆಗ ಓಟದ ವೇಗವೆಲ್ಲ ಸೊಂಟದ ಮೇಲಿನ ಭಾಗಕ್ಕೆ ಹಾಯ್ದು, ಮುಂಡವನ್ನು ಮುಂದಕ್ಕೆ ಬೀಸಿ, ಕೊನೆಗೆ ಕೈಯಿಂದ ಚೆಂಡಿಗೆ ದಾಟುತ್ತದೆ. ಕಾಲು ಬಗ್ಗಿದಷ್ಟೂ ವೇಗ ಸೋರಿಹೋಗುತ್ತದೆ; ಬಗ್ಗದಿದ್ದಷ್ಟೂ ಪೆಟ್ಟು ಬೆನ್ನಿಗೆ ತಾಕುತ್ತದೆ. ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಬಂದ ಚೆಂಡು ದಾಂಡುಗಾರನನ್ನು ಅರ್ಧ ಸೆಕೆಂಡಿನಲ್ಲಿ ತಲುಪುವುದರ ಬೆಲೆಯಿದು.

ಅದೇ ಕ್ಷಣದಲ್ಲಿ ಬೌಲರನ ಬೆನ್ನು ಮೂರು ವಿಧವಾಗಿ ತಿರುಚಿಕೊಳ್ಳುತ್ತದೆ: ಹಿಂದಕ್ಕೆ ಬಾಗುತ್ತದೆ, ಎಡಪಕ್ಕಕ್ಕೆ ವಾಲುತ್ತದೆ, ಜೊತೆಗೆ ಸುತ್ತುತ್ತದೆ. ಸೊಂಟದ ಭಾಗದಲ್ಲಿ ನಮಗೆ ಐದು ಕಶೇರುಮಣಿಗಳಿವೆ. ಪ್ರತಿಯೊಂದು ಮಣಿಯ ಹಿಂಬದಿಯ ಕಮಾನಿನಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ, ಕಿರಿದಾದ ಸೇತುವೆಯಂಥ ಎಲುಬಿನ ಭಾಗಗಳಿವೆ. ತಿರುಚಿನ ಭಾರವೆಲ್ಲ ಬಂದು ಕೂಡುವುದು ಈ ಸೇತುವೆಯ ಮೇಲೆ. ಆದುದರಿಂದಲೇ ಬಲಗೈ ಬೌಲರನಲ್ಲಿ ಎಡಬದಿಯ ಸೇತುವೆಯೂ, ಎಡಗೈಯವನಲ್ಲಿ ಬಲಬದಿಯದೂ ಹೆಚ್ಚಾಗಿ ಬಿರುಕು ಬಿಡುತ್ತವೆ. ಅದರಲ್ಲಿಯೂ ಕೆಳಗಿನ ಮಣಿಗಳಲ್ಲಿ. ಆಸ್ಟ್ರೇಲಿಯದ ಡೆನ್ನಿಸ್ ಲಿಲಿಯ ಬೆನ್ನು ಹೀಗೆ ಮುರಿದದ್ದು 1973ರಲ್ಲಿ. ನಮ್ಮ ಜಸ್ಪ್ರೀತ್ ಬುಮ್ರಾ 2019ರಲ್ಲಿ ಇದೇ ಬಗೆಯ ಬಿರುಕಿನಿಂದ ಬಳಲಿದರು. ಬೆಂಗಳೂರಿನ ಪ್ರಸಿದ್ಧ್ ಕೃಷ್ಣರು ಇದೇ ಕಾರಣದಿಂದ 2023ರ ಐ.ಪಿ.ಎಲ್. ಪಂದ್ಯಗಳಿಂದ ದೂರ ಉಳಿಯಬೇಕಾಯಿತು.

ಇಲ್ಲಿ ಒಂದು ಲೆಕ್ಕ ಹಾಕಬಹುದು. ಅರುವತ್ತು ಕಿಲೋ ತೂಕದ ಹುಡುಗನೊಬ್ಬನಿದ್ದಾನೆನ್ನೋಣ. ಪ್ರತಿ ಎಸೆತಕ್ಕೆ ಅವನ ಕಾಲು ಹೊರುವ ಭಾರ 300 ಕಿಲೋ. ವಾರಕ್ಕೆ ಒಂದು ಪಂದ್ಯದಲ್ಲಿ 10 ಓವರು, ಅಂದರೆ 60 ಎಸೆತ, ನಾಲ್ಕು ದಿನದ ಅಭ್ಯಾಸದಲ್ಲಿ ದಿನಕ್ಕೆ 60ರಂತೆ 240, ಒಟ್ಟು 300. ಗುಣಿಸಿದರೆ 90,000 ಕಿಲೋ ಆಯಿತು: ಯಶವಂತಪುರದ ಹಳಿಗಳ ಮೇಲೆ ಹಾದುಹೋಗುವ ಭರ್ತಿಯಾದ ಗೂಡ್ಸ್ ವ್ಯಾಗನ್ನೊಂದರಷ್ಟು ಭಾರ. ಬಿಡಿ ಬಿಡಿ ಪೆಟ್ಟುಗಳನ್ನು ಹೀಗೆ ಕೂಡಿಸುವುದು ಭೌತಶಾಸ್ತ್ರಕ್ಕೆ ಒಪ್ಪದ ಮಾತೆಂದು ಅಧ್ಯಾಪಕರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಎಲುಬು ಮಾತ್ರ ತನ್ನದೇ ಆದ ರೀತಿಯಲ್ಲಿ ಅವುಗಳ ಲೆಕ್ಕವಿಡುತ್ತದೆ.

ಎಲುಬು ಕಲ್ಲಿನಂತೆ ಜಡವಸ್ತುವೆಂದು ಭಾವಿಸುವುದು ತಪ್ಪು. ಅದು ಸದಾ ದುರಸ್ತಿಯಲ್ಲಿರುವ ಕಟ್ಟಡ. ಭಾರ ಬಿದ್ದ ಕಡೆ ಅತಿಸೂಕ್ಷ್ಮವಾದ ಬಿರುಕುಗಳು ಏಳುತ್ತವೆ. ಒಂದು ಬಗೆಯ ಜೀವಕೋಶಗಳು ಅಲ್ಲಿಗೆ ಬಂದು ಹಾಳಾದ ಎಲುಬನ್ನು ಕೆರೆದು ತೆಗೆಯುತ್ತವೆ; ಅವುಗಳ ಹಿಂದೆಯೇ ಇನ್ನೊಂದು ಬಗೆಯವು ಬಂದು ಹೊಸ ಎಲುಬನ್ನು ಕಟ್ಟುತ್ತವೆ. ಈ ರೀತಿಯಲ್ಲಿ ಭಾರಕ್ಕೆ ತಕ್ಕಂತೆ ಎಲುಬು ತನ್ನನ್ನು ತಾನೇ ತಿದ್ದಿಕೊಳ್ಳುವುದೆಂದು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲಿಯೇ ಹೇಳಿದ್ದನು. ತೊಂದರೆಯಿರುವುದು ಕಾಲದಲ್ಲಿ. ಕೆರೆಯುವ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಕಟ್ಟುವುದಕ್ಕೆ ತಿಂಗಳುಗಳು ಬೇಕು. ಕೆರೆದಾಗಿದೆ, ಕಟ್ಟಿಲ್ಲ ಎಂಬ ನಡುಗಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಹುಡುಗನಿಗಾದರೋ ಆಗ ನೋವೇ ಇರುವುದಿಲ್ಲ. ಅವನು ಎಸೆಯುತ್ತಲೇ ಇರುತ್ತಾನೆ. 2009ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದು, ಒಂದು ಪಂದ್ಯದಲ್ಲಿ 50 ಓವರುಗಳಿಗೂ ಹೆಚ್ಚು ಎಸೆದ ವೇಗದ ಬೌಲರುಗಳಿಗೆ ಗಾಯದ ಸಂಭವ ಏರುವುದು ಮೂರು ನಾಲ್ಕು ವಾರಗಳ ನಂತರವೆಂದು ತೋರಿಸಿತು. ಪಂದ್ಯ ಮರೆತುಹೋದ ಮೇಲೆ ಅದರ ಸಾಲ ತೀರಿಸುವ ದಿನ ಬರುತ್ತದೆ.

ಹದಿನಾರು, ಹದಿನೇಳರ ವಯಸ್ಸಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಬೆನ್ನಿನ ಎಲುಬುಗಳಲ್ಲಿ ಸುಣ್ಣದ ಅಂಶ ತುಂಬುವ ಕೆಲಸ ಇಪ್ಪತ್ತು ದಾಟಿದ ಮೇಲೂ ನಡೆದಿರುತ್ತದೆ. ಆದರೆ ಸ್ನಾಯುಗಳು ಅದಕ್ಕೆ ಕಾಯುವುದಿಲ್ಲ. ಒಂದೇ ವರ್ಷದಲ್ಲಿ ನಾಲ್ಕು ಅಂಗುಲ ಬೆಳೆದು, ಗಂಡಸಿನ ವೇಗ ಪಡೆದ ಹುಡುಗನ ಬೆನ್ನೊಳಗೆ ಇನ್ನೂ ಬಾಲಕನ ಎಲುಬಿರುತ್ತದೆ. ಎಲ್ಲರ ಕಣ್ಣು ಬೀಳುವುದೂ ಅವನ ಮೇಲೆಯೇ. ಕ್ಲಬ್ಬಿನ ನಾಯಕ ಹೊಸ ಚೆಂಡನ್ನು ಅವನ ಕೈಗೇ ಕೊಡುತ್ತಾನೆ. ಬುಧವಾರ ಕಾಲೇಜಿನ ಪಂದ್ಯ, ಶುಕ್ರವಾರ ಆಯ್ಕೆಯ ಪರೀಕ್ಷೆ, ಭಾನುವಾರ ಲೀಗು. ಉಳಿದ ಸಂಜೆಗಳಲ್ಲಿ ಬಲೆಯೊಳಗಿನ ಅಭ್ಯಾಸ. ಪ್ರತಿಯೊಬ್ಬ ತರಬೇತುದಾರನೂ ತನ್ನ ಎದುರಿನ ಓವರುಗಳನ್ನು ಎಣಿಸಬಹುದು. ಹುಡುಗನ ಓವರುಗಳನ್ನು ಎಣಿಸುವವರು ಯಾರು?

ಬೇಸ್‌ಬಾಲಿನವರು ಈ ಪಾಠವನ್ನು ಮೊಣಕೈಯ ಮೂಲಕ ಕಲಿತರು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಎಂಬವರು ಟಾಮಿ ಜಾನ್ ಎಂಬ ಎಸೆತಗಾರನ ಹರಿದ ಮೊಣಕೈಕಟ್ಟಿನ ಜಾಗದಲ್ಲಿ ಅವನದೇ ಇನ್ನೊಂದು ಕೈಯ ಸ್ನಾಯುರಜ್ಜುವನ್ನು ಹೊಲಿದರು. ಆತ ಮತ್ತೆ ಹಲವು ವರ್ಷ ಆಡಿದನು. ಶಸ್ತ್ರಚಿಕಿತ್ಸೆಗೆ ಅವನ ಹೆಸರೇ ನಿಂತಿತು. ಕಾಲಕ್ರಮದಲ್ಲಿ ಹೈಸ್ಕೂಲು ಹುಡುಗರೂ ಆ ಶಸ್ತ್ರಚಿಕಿತ್ಸೆಗೆ ಸಾಲುಗಟ್ಟತೊಡಗಿದಾಗ ಹಿರಿಯರು ಎಚ್ಚೆತ್ತರು. ಬಾಲಕರ ಲೀಗಿನಲ್ಲಿ 2007ರಿಂದ ಪ್ರತಿ ಎಸೆತವನ್ನೂ ಎಣಿಸುವ ನಿಯಮ ಬಂದಿತು. 2014ರ ಮಾರ್ಗಸೂಚಿಯಂತೆ 17, 18 ವಯಸ್ಸಿನವನು ದಿನವೊಂದಕ್ಕೆ 105ಕ್ಕಿಂತ ಹೆಚ್ಚು ಎಸೆಯಬಾರದು. ಎಸೆದಷ್ಟಕ್ಕೆ ತಕ್ಕಂತೆ ವಿಶ್ರಾಂತಿಯ ದಿನಗಳೂ ಗೊತ್ತಾಗಿವೆ. ಕ್ರಿಕೆಟ್ಟಿನಲ್ಲಿ ಇಂಗ್ಲೆಂಡಿನವರು ಬಹುಕಾಲ ಅನುಸರಿಸಿದ ಸೂಚನೆಯಲ್ಲಿ, ಅದೇ ಹರೆಯದ ವೇಗದ ಬೌಲರನಿಗೆ ಒಂದು ಸರದಿಯಲ್ಲಿ 7 ಓವರು, ದಿನಕ್ಕೆ 18 ಓವರು ಎಂಬ ಮಿತಿಯಿತ್ತು.

ಮಿತವಾಗಿ ಎಸೆದರೆ ಹಿಂದುಳಿಯುವೆನೆಂಬ ಭಯ ಹುಡುಗರಲ್ಲಿ ಸಹಜ. ಅವರು ಅಭಿಮನ್ಯು ಮಿಥುನ್‌ರ ಕಥೆಯನ್ನು ಕೇಳಬೇಕು. ಬೆಂಗಳೂರಿನ ಈ ಆಟಗಾರ ಶಾಲಾದಿನಗಳಲ್ಲಿ ಚಕ್ರ ಎಸೆಯುತ್ತಿದ್ದವರು. ಚರ್ಮದ ಚೆಂಡನ್ನು ಹಿಡಿದದ್ದೇ ಹದಿನೇಳರ ಸುಮಾರಿಗೆ. 2009ರಲ್ಲಿ ಮೀರತ್‌ನಲ್ಲಿ ಉತ್ತರ ಪ್ರದೇಶದೆದುರು ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಸೇರಿ 11 ವಿಕೆಟುಗಳನ್ನು ಕಿತ್ತರು. ಮರುವರ್ಷ ಭಾರತದ ಪರ ಟೆಸ್ಟ್ ಆಡಿದರು. ಈಟಿಯವನು ಬೇಸ್‌ಬಾಲಿಗೂ ಚಕ್ರದವನು ಕ್ರಿಕೆಟ್ಟಿಗೂ ದಾಟಬಲ್ಲರೆಂದ ಮೇಲೆ, ಹನ್ನೆರಡನೆಯ ವಯಸ್ಸಿನಿಂದ ವರ್ಷವಿಡೀ ಒಂದೇ ಚೆಂಡಿಗೆ ಅಂಟಿಕೊಳ್ಳುವ ಆತುರಕ್ಕೆ ಆಧಾರವೇನೆಂದು ನನಗೆ ತಿಳಿಯದು.

ಇನ್ನು ಲಕ್ಷಣಗಳು. ಸೊಂಟದ ಒಂದೇ ಬದಿಯಲ್ಲಿ, ಎಸೆಯುವ ಕೈಗೆ ವಿರುದ್ಧವಾದ ಬದಿಯಲ್ಲಿ, ಮಂದವಾದ ನೋವು ತೋರುತ್ತದೆ. ಎಸೆದಾಗ ಏರುತ್ತದೆ, ಎರಡು ದಿನ ಸುಮ್ಮನಿದ್ದರೆ ಇಳಿಯುತ್ತದೆ. ಈ ಇಳಿಯುವಿಕೆಯೇ ಮೋಸ. ಒಂಟಿಕಾಲಿನ ಮೇಲೆ ನಿಂತು ಹಿಂದಕ್ಕೆ ಬಾಗಿದಾಗ ಆ ಬದಿಯಲ್ಲಿ ಚುಚ್ಚಿದರೆ ಅಂದೇ ಚೆಂಡನ್ನು ಕೆಳಗಿಟ್ಟು ವೈದ್ಯರನ್ನು ಕಾಣಬೇಕು. ಎಕ್ಸ್‌ರೇ ಚಿತ್ರದಲ್ಲಿ ಆರಂಭದ ಬಿರುಕು ಬಹಳ ಸಲ ಕಾಣುವುದಿಲ್ಲ. ಎಂ.ಆರ್.ಐ. ಚಿತ್ರದಲ್ಲಾದರೆ ಬಿರುಕು ಮೂಡುವ ಮುನ್ನವೇ ಎಲುಬಿನೊಳಗಿನ ಬಾವು ಬೆಳ್ಳಗೆ ತೋರಿಬಿಡುತ್ತದೆ. ಈ ಹಂತದಲ್ಲಿ ಹಿಡಿದರೆ ಎಲುಬು ಪೂರ್ತಿಯಾಗಿ ಕೂಡಿಕೊಳ್ಳುವ ಸಂಭವ ಹೆಚ್ಚು. ತಡವಾದರೆ ಎರಡು ತುದಿಗಳೂ ಬೇರೆಯಾಗಿಯೇ ಉಳಿದುಬಿಡಬಹುದು.

ಚಿಕಿತ್ಸೆ ಬಹುಮಟ್ಟಿಗೆ ವಿಶ್ರಾಂತಿಯೇ. ನಾಲ್ಕಾರು ತಿಂಗಳು ಚೆಂಡೆಸೆಯುವಂತಿಲ್ಲ. ಮೊದಲು ನಡಿಗೆ, ಆಮೇಲೆ ಸೊಂಟದ ಸ್ನಾಯುಗಳ ವ್ಯಾಯಾಮ, ಆಮೇಲೆ ಓಟ. ಕೊನೆಗೊಂದು ದಿನ ಹುಡುಗನು ಬಲೆಯೊಳಕ್ಕೆ ಹಿಂತಿರುಗಿ, ನಿಂತಲ್ಲಿಂದಲೇ ಎರಡು ಓವರು ಮಾತ್ರ ಎಸೆದು, ಕಿಸೆಯಿಂದ ಪುಸ್ತಕ ತೆಗೆದು ಹನ್ನೆರಡು ಎಂದು ಬರೆದುಕೊಳ್ಳುತ್ತಾನೆ.